ರೀಗಾದಿಂದ ಕುಲ್ಡೀಗಾಕ್ಕೆ ರೈಲು ತೋರಿಸ್ತಿಲ್ಲ, ಒಂದೇ ದಿನದಲ್ಲಿ ಊರು, ಹಳ್ಳಿಕಡೆ ಎರಡೂ ನೋಡಬಹುದಾ? – ಪ್ರತಿಕ್ರಿಯೆ

ನಿಮ್ಮ ಆ್ಯಪ್‌ನಲ್ಲಿ ತಪ್ಪಿಲ್ಲ. ಲಾಟ್ವಿಯಾದ ರಾಜಧಾನಿ ರೀಗಾದಿಂದ ಅದೇ ದೇಶದ ಪುಟ್ಟ ಊರು ಕುಲ್ಡೀಗಾಕ್ಕೆ ಪ್ರಯಾಣಿಕರ ರೈಲೇ ಇಲ್ಲ, ಅದಕ್ಕೇ ತೋರಿಸ್ತಿಲ್ಲ. ಬಸ್ಸಲ್ಲೇ ಹೋಗಬೇಕು.

ಮೊದಲು ವಾಪಸ್ ಬರುವ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ನೋಡಿ, ಆಮೇಲೆ ಹೋಗುವ ಟಿಕೆಟ್ ತೆಗೆದುಕೊಳ್ಳಿ. ರೀಗಾದ ಬಸ್ ನಿಲ್ದಾಣ ಸೆಂಟ್ರಲ್ ಮಾರ್ಕೆಟ್ ಪಕ್ಕದಲ್ಲೇ ಇದೆ. ದಾರಿ ಸುಮಾರು 150 ಕಿ.ಮೀ. ಬಸ್ ಯಾವ ದಾರಿ ಹಿಡಿಯುತ್ತದೆ ಅನ್ನೋದರ ಮೇಲೆ ಎರಡೂವರೆಯಿಂದ ಮೂರೂವರೆ ಗಂಟೆ ಬೇಕು.

ಹಾಗಾಗಿ ಒಂದೇ ದಿನದಲ್ಲಿ ಊರು ಮಾತ್ರ ಆಗುತ್ತದೆ. ಹಳ್ಳಿಕಡೆಯೂ ನೋಡಬೇಕಂದ್ರೆ ಒಂದು ರಾತ್ರಿ ಉಳಿಯಿರಿ.

ಇಳಿದ ದಿನ 1874ರ ಇಟ್ಟಿಗೆ ಸೇತುವೆಗೆ ನಡೆದುಕೊಂಡು ಹೋಗಿ. ವೆಂಟಾಸ್ ರುಂಬಾ ಜಲಪಾತ ಅಲ್ಲಿಂದಲೇ ಕಾಣುತ್ತದೆ. ಎತ್ತರ ನಿರೀಕ್ಷಿಸಬೇಡಿ, ಸುಮಾರು ಎರಡು ಮೀಟರ್ ಅಷ್ಟೇ. ಆದರೆ ಅಗಲ ಸುಮಾರು 249 ಮೀಟರ್! ಬೇಸಿಗೆಯಲ್ಲಿ ನೀರು ಇಳಿದಾಗ ಜನ ಅದರ ಮೇಲೇ ನಡೆದಾಡುತ್ತಾರೆ. ಕಲ್ಲು ಜಾರುತ್ತದೆ, ಹುಷಾರು. ಆಮೇಲೆ ಹಳೇ ಪೇಟೆಯ ಬೀದಿಗಳಲ್ಲಿ ಸುಮ್ನೆ ಅಲೆಯಿರಿ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಈ ಹಳೇ ಊರೇ.

ಮರುದಿನ ಸೈಕಲ್ ಬಾಡಿಗೆಗೆ ತೆಗೆದುಕೊಂಡು ರಿಯೆಜುಪೆ ಮರಳುಗುಹೆಗಳ ಕಡೆ ಹೋಗಿ. ಊರಿನಿಂದ ಐದಾರು ಕಿ.ಮೀ. ಇರಬಹುದು. ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಇರಲಿ. ಚಳಿಗಾಲದಲ್ಲಿ ಮುಚ್ಚಿರುತ್ತವೆ.

ಯಾವ ತಿಂಗಳು ಅಂತ ನೀವು ಬರೆದಿಲ್ಲ. ವಸಂತದಲ್ಲಾದರೆ ಮೀನು ಜಲಪಾತ ಹಾರಿ ಮೇಲೇರುವುದು ಕಾಣಬಹುದು, ಅದಕ್ಕೆ ಅದೃಷ್ಟ ಬೇಕು. ಜೂನ್ 23, 24 ಆದರೆ ಮಾತ್ರ ರೂಮು ಈಗಲೇ ಬುಕ್ ಮಾಡಿ. ಅವತ್ತು ಅಲ್ಲಿ ದೊಡ್ಡ ಹಬ್ಬ, ಬಸ್ ವೇಳೆಯೂ ಬದಲಾಗಬಹುದು.