ಕ್ರೀಡೆ ಓದುವ ಹುಡುಗರಿಗೆ ಸಿಟ್ಟು ಜಾಸ್ತಿನಾ?

ತಮ್ಮ ಬಿ.ಪಿ.ಎಡ್. (ದೈಹಿಕ ಶಿಕ್ಷಣ ಶಿಕ್ಷಕರಾಗಲು ಓದುವ ಪದವಿ) ಸೇರಬೇಕು ಅಂತಿದ್ದಾನೆ, ಆ ಹುಡುಗರು ಮಾತೆತ್ತಿದರೆ ಕೈ ಎತ್ತುತ್ತಾರೆ ಅಂತ ಮನೆಯಲ್ಲಿ ಹೆದರುತ್ತಿದ್ದಾರೆ, ಇದು ನಿಜವಾ ಅಂತ ಕೇಳಿದ್ದೀರಿ. ನಾನು ದೈಹಿಕ ಶಿಕ್ಷಣ ಶಿಕ್ಷಕ, ಕಬಡ್ಡಿ ಕಲಿಸುತ್ತೇನೆ. ಜಗಳ ಆಗುವುದು ನಿಜ. ಅದಕ್ಕೆ ಆಟ ಕಾರಣ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕಬಡ್ಡಿಯಲ್ಲಿ ಕಾರ್ನರ್ ಹುಡುಗ, ಅಂದರೆ ಮೂಲೆಯಲ್ಲಿ ನಿಂತು ಹಿಡಿಯುವವನು, ಎದುರು ತಂಡದಿಂದ ಔಟ್ ಮಾಡಲು ಬಂದ ರೈಡರ್‌ನ ಕಾಲು ಹಿಡಿದು ಕೆಡವುತ್ತಾನೆ. ನೋಡುವವರಿಗೆ ಅದು ಹೊಡೆದಾಟ, ಅವನಿಗೆ ಒಂದು ಪಾಯಿಂಟ್. ನಿಯಮದೊಳಗೆ ಬಲ ಹಾಕಿ ಆಡುವುದು ಬೇರೆ, ಎದುರಿನವನಿಗೆ ನೋವಾಗಲಿ ಅಂತಲೇ ಹೊಡೆಯುವುದು ಬೇರೆ. ಕ್ರೀಡಾ ಮನಶ್ಶಾಸ್ತ್ರದಲ್ಲೂ ಇವೆರಡನ್ನು ಬೇರೆಯಾಗಿಯೇ ನೋಡುತ್ತಾರೆ.

ಸಿಟ್ಟು ನೆತ್ತಿಗೇರಿದರೆ ಆಟ ಕೆಡುತ್ತದೆ. ಕಾರ್ನರ್‌ನವನು ಒಂದು ಕ್ಷಣ ಮೊದಲೇ ನುಗ್ಗಿದರೆ ಚೈನ್ (ಹಿಡಿಯುವವರು ಕೈ ಕೈ ಹಿಡಿದು ನಿಲ್ಲುವ ಸಾಲು) ಒಡೆಯಿತು, ಪಾಯಿಂಟ್ ಹೋಯಿತು. ಪಳಗಿದ ರೈಡರ್‌ಗಳು ಬೇಕಂತಲೇ ಕೆಣಕುವುದು ಇದಕ್ಕೇ. ಹಳದಿ ಕಾರ್ಡ್ ಬಿದ್ದರೆ 2 ನಿಮಿಷ ಹೊರಗೆ ಕೂರಬೇಕು, ತಂಡದಲ್ಲಿ ಒಬ್ಬ ಕಡಿಮೆ. 2006ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೆನಪಿದೆಯಾ? ಫ್ರಾನ್ಸ್ ನಾಯಕ, 34 ವರ್ಷದ ಜಿನೆದಿನ್ ಜಿದಾನ್ 110ನೇ ನಿಮಿಷದಲ್ಲಿ ಇಟಲಿಯ ಆಟಗಾರ ಮಾತೆರಾಜಿಯ ಎದೆಗೆ ತಲೆಯಿಂದ ಗುದ್ದಿದರು. ಕೆಂಪು ಕಾರ್ಡ್. ಪೆನಾಲ್ಟಿ ಶೂಟೌಟ್‌ನಲ್ಲಿ ಫ್ರಾನ್ಸ್‌ಗೆ ಅವರಿಲ್ಲ. ಕಪ್ ಇಟಲಿಗೆ ಹೋಯಿತು.

ಹಾಗಾದರೆ ಜಗಳ ಎಲ್ಲಿಂದ ಬರುತ್ತದೆ? ಬಹಳ ಸಲ ಅಂಕಣದ ಹೊರಗಿನಿಂದ. ಅಂಪೈರ್ ತೀರ್ಪು ಕೊಟ್ಟ ಕೂಡಲೇ ಕೋಚೇ ಎದ್ದು ಕೂಗಾಡಿದರೆ ಹುಡುಗರು ಸುಮ್ನೆ ಇರುತ್ತಾರಾ? ಫೌಲ್ ಮಾಡಿದವನ ಬೆನ್ನು ತಟ್ಟಿದರೆ ಅವನು ನಾಳೆಯೂ ಅದನ್ನೇ ಮಾಡುತ್ತಾನೆ. ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳ ದರ್ಬಾರು ನಡೆಯುತ್ತಿದ್ದರೆ ಅದೂ ಅಂಕಣಕ್ಕೆ ಬರುತ್ತದೆ.

ಇನ್ನೊಂದು ತಪ್ಪು ನಂಬಿಕೆ ಇದೆ: ‘ಹೊಡೆಯಲಿ ಬಿಡಿ, ಸಿಟ್ಟು ಇಳಿಯುತ್ತದೆ’ ಅಂತ. ಬ್ರ್ಯಾಡ್ ಬುಶ್‌ಮನ್ ಎಂಬ ಮನಶ್ಶಾಸ್ತ್ರಜ್ಞ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಗಿದ್ದು ಇದರ ಉಲ್ಟಾ. ಸಿಟ್ಟು ತರಿಸಿದವನನ್ನೇ ನೆನೆಯುತ್ತಾ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರಿಗಿಂತ, ಸುಮ್ಮನೆ ಕೂತವರ ಸಿಟ್ಟೇ ಕಡಿಮೆ ಇತ್ತು. ಅದಕ್ಕೇ ನಾನು ಕೆರಳಿದ ಹುಡುಗನನ್ನು ಆ ಕ್ಷಣ ರೈಡ್‌ಗೆ ಕಳಿಸುವುದಿಲ್ಲ. ಹೊರಗೆ ಕೂರಿಸಿ ನೀರು ಕೊಡುತ್ತೇನೆ. ಆದ ಜಗಳದ ಮಾತು ಎತ್ತುವುದಿಲ್ಲ. ‘ಒಳಗೆ ಹೋದ ಮೇಲೆ ಯಾರನ್ನು ಔಟ್ ಮಾಡ್ತೀಯ?’ ಅಂತಷ್ಟೇ ಕೇಳುತ್ತೇನೆ. ಉತ್ತರ ಹೇಳುವಾಗಲೇ ಅವನ ತಲೆ ಆಟಕ್ಕೆ ವಾಪಸ್ ಬರುತ್ತದೆ.

ಸೇರಿಸುವ ಮುಂಚೆ ಒಂದು ಸಂಜೆ ತಮ್ಮನ ಜೊತೆ ಆ ಕಾಲೇಜಿನ ಮೈದಾನಕ್ಕೆ ಹೋಗಿ ಪ್ರ್ಯಾಕ್ಟೀಸ್ ನೋಡಿ. ಫೌಲ್ ಆದಾಗ ಕೋಚ್ ಯಾರಿಗೆ ಬೈಯುತ್ತಾರೆ? ಸೀನಿಯರ್ ಕೈ ಎತ್ತಿದರೆ ಕೇಳುವವರು ಇದ್ದಾರಾ? ಹಾಸ್ಟೆಲ್ ಹುಡುಗರನ್ನೂ ಮಾತಾಡಿಸಿ. ಅಲ್ಲಿ ಸರಿ ಕಂಡರೆ ಧೈರ್ಯವಾಗಿ ಸೇರಿಸಿ.