ಸ್ಕೀಮಾ ಥೆರಪಿ ಅಂದ್ರೆ ಏನು? ದಾವಣಗೆರೆಯಲ್ಲಿ ಅದನ್ನು ಮಾಡುವವರನ್ನು ಹುಡುಕೋದು ಹೇಗೆ?

ಸ್ಕೀಮಾ ಅಂದರೆ ಚಿಕ್ಕಂದಿನಲ್ಲೇ ಮನಸ್ಸಿನಲ್ಲಿ ಬೇರೂರಿದ ನಂಬಿಕೆ. ಗಂಡ ಫೋನ್ ಎತ್ತುವುದು ಹತ್ತು ನಿಮಿಷ ತಡವಾದರೆ ನನ್ನ ಗೆಳತಿಯ ಕೈ ನಡುಗುತ್ತಿತ್ತು, ‘ಬಿಟ್ಟು ಹೋದ’ ಅಂತ. ಅವಳಿಗೆ ಆರು ವರ್ಷವಿದ್ದಾಗ ಅಜ್ಜಿ ಮನೆಯಲ್ಲಿ ಬಿಟ್ಟು ಹೋದ ಅಪ್ಪ ಮತ್ತೆ ಬರಲೇ ಇಲ್ಲ. ಆ ಭಯ ಅಲ್ಲಿಯದು. ಇಂಥ 18 ಸ್ಕೀಮಾಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಯಂಗ್ ಗುರುತಿಸಿದ್ದಾರೆ.

ಇಂಥ ನಂಬಿಕೆಗಳ ಹಿಡಿತ ಸಡಿಲಿಸುವ ಮಾನಸಿಕ ಚಿಕಿತ್ಸೆಯೇ ಸ್ಕೀಮಾ ಥೆರಪಿ. ಇಲ್ಲಿ ಸುಮ್ನೆ ಮಾತಾಡೋದಷ್ಟೇ ಅಲ್ಲ. ಎದುರಿಗೆ ಖಾಲಿ ಕುರ್ಚಿ ಇಟ್ಟು, ನಿಮ್ಮನ್ನು ಸದಾ ಬೈಯುವ ಒಳದನಿಗೆ ನೀವೇ ಉತ್ತರ ಕೊಡುತ್ತೀರಿ. ಕಣ್ಣುಮುಚ್ಚಿ ಹಳೆಯ ಘಟನೆ ನೆನೆದು, ನಿಮ್ಮೊಳಗಿನ ಆ ಮಗುವಿಗೆ ಆಗ ಸಿಗದ ಆಸರೆಯನ್ನು ಈಗ ಕೊಡುತ್ತೀರಿ. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷಕ್ಕೂ ಜಾಸ್ತಿ.

ಬೋರ್ಡ್ ನೋಡಿ ಒಳಗೆ ಹೋಗಬೇಡಿ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ದಾವಣಗೆರೆಯ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ‘ಸ್ಕೀಮಾ ಥೆರಪಿ ತರಬೇತಿ ಎಲ್ಲಿ ಪಡೆದಿರಿ?’ ಎಂದು ಧೈರ್ಯವಾಗಿ ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನವರ ಜೊತೆ ವಿಡಿಯೊ ಕಾಲ್‌ನಲ್ಲೂ ಆಗುತ್ತದೆ. ಆದರೆ ಕನ್ನಡದವರೇ ಇರಲಿ. ಬಾಲ್ಯದ ಮಾತು ಇಂಗ್ಲಿಷಿನಲ್ಲಿ ಬರುವುದಿಲ್ಲ, ಅಲ್ವಾ? ಅಷ್ಟರಲ್ಲಿ ತೀರಾ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ.