ಪ್ರತಿಕ್ರಿಯೆ: ಮೊದಲು ರಬ್ಬಿಂಗ್, ವ್ಯಾಕ್ಸ್ ಸಾಕಿತ್ತಲ್ವಾ?
ಅಪ್ಪನ ಅಂಬಾಸಿಡರ್‌ಗೆ ರಬ್ಬಿಂಗ್, ವ್ಯಾಕ್ಸ್ ಸಾಕಿತ್ತು, ನನ್ನ ಕಾರಿನ ಬಣ್ಣ ಹೊಳೆಯಿಸೋಕೆ ಯಾಕೆ ಅಳತೆ, ಮೆಷಿನ್, ಕೋಟಿಂಗ್ ಅಂತ ಇಷ್ಟೆಲ್ಲಾ ಅಂತ ಕೇಳಿದ್ದೀರಿ. ಕಾರಿಗೆ ಹಚ್ಚುವ ಬಣ್ಣದ ಬಗೆಯೇ ಬದಲಾಗಿದೆ ಸರ್. ಹಳೆ ಬಣ್ಣದ ಮೇಲೆ ಕ್ಲಿಯರ್ ಕೋಟ್ (ಬಣ್ಣ ಕಾಯುವ ಪಾರದರ್ಶಕ ಪದರ) ಇರಲಿಲ್ಲ, ರಬ್ಬಿಂಗ್ ಕಾಂಪೌಂಡ್ ಅನ್ನುವ ಉಜ್ಜುವ ಪೇಸ್ಟ್ ಹಾಕಿ ಉಜ್ಜಿದರೆ ಬಟ್ಟೆಗೇ ಬಣ್ಣ ಹತ್ತುತ್ತಿತ್ತು, ಮಾಸಿದ ಪದರ ಹೋಗಿ ಹೊಳಪು ಬರುತ್ತಿತ್ತು. 1980ರ ದಶಕದಲ್ಲಿ ಹೊರದೇಶಗಳಲ್ಲಿ ಕ್ಲಿಯರ್ ಕೋಟ್ ಮಾಮೂಲಾಯಿತು, ಆಮೇಲೆ ನಮ್ಮಲ್ಲೂ ಬಂತು. ಅದರ ದಪ್ಪ ಸುಮಾರು 40-50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಷ್ಟೇ, ಜಾಸ್ತಿ ಉಜ್ಜಿದರೆ ಸವೆದೇ ಹೋಗುತ್ತದೆ. ಅದಕ್ಕೇ ಒಳ್ಳೆ ಕೆಲಸಗಾರರು ಮೊದಲು ಮೀಟರ್ ಇಟ್ಟು ಬಣ್ಣದ ದಪ್ಪ ನೋಡುತ್ತಾರೆ, ಕ್ಲೇ (ಜೇಡಿಮಣ್ಣಿನಂಥ ಮೆತ್ತನೆ ಉಂಡೆ) ಉಜ್ಜಿ ಅಂಟಿದ ಕೊಳೆ ತೆಗೆಯುತ್ತಾರೆ, ಆಮೇಲೆ ಡ್ಯುಯಲ್ ಆ್ಯಕ್ಷನ್ ಮೆಷಿನ್ (ಸುತ್ತುತ್ತಲೇ ಅಲುಗುವ ಪಾಲಿಶ್ ಯಂತ್ರ) ಹಿಡಿಯುತ್ತಾರೆ, ಅದು ಬರೀ ಸುತ್ತುವ ರೋಟರಿ ಮೆಷಿನ್‌ನಷ್ಟು ಬೇಗ ಬಿಸಿಯಾಗಿ ಬಣ್ಣ ಸುಡುವುದಿಲ್ಲ. ಸೆರಾಮಿಕ್ ಕೋಟಿಂಗ್ (ಮೇಲೆ ಹಚ್ಚುವ ತೆಳು ರಕ್ಷಣಾ ಲೇಪ) ಕೊನೆಗೆ. ಕಲ್ಲೇಟು ತಡೆಯುತ್ತದೆ ಅಂದರೆ ನಂಬಬೇಡಿ, ಕೊಳೆ ಕಡಿಮೆ ಅಂಟುತ್ತದೆ, ತೊಳೆಯುವುದು ಸುಲಭ, ಅಷ್ಟು ನಿಜ. ದಪ್ಪ ಅಳೆಯದೆ ಸೀದಾ ಮೆಷಿನ್ ಹಿಡಿಯುವವರಿಗೆ ಮಾತ್ರ ಕಾರು ಕೊಡಬೇಡಿ.